ಟೇಬಲ್ ಮೇಲಾ, ಡ್ರಾಯರ್ ಒಳಗಾ?

ಕೆಲಸಕ್ಕೆ ಸೇರಿದ ಎರಡನೇ ವರ್ಷ. ರಾತ್ರಿ ಒಂಬತ್ತಕ್ಕೆ ಅಮೆರಿಕದ ಕ್ಲೈಂಟ್ ಜೊತೆ ಕಾಲ್. ನಾನು ಮೂರು ವಾರ ಕೂತು ಮಾಡಿದ್ದ ಡಿಸೈನ್ ಬಗ್ಗೆ ಅವರು ‘ಲೆಟ್ಸ್ ಟೇಬಲ್ ದಿಸ್’ ಅಂದರು. ಸಂಸತ್ತಿನಲ್ಲಿ ಮಸೂದೆ ಟೇಬಲ್ ಮಾಡ್ತಾರಲ್ಲ, ನನ್ನ ತಲೆಯಲ್ಲಿದ್ದದ್ದು ಅದೇ ಅರ್ಥ. ಚರ್ಚೆಗೆ ಬಂತು ಅಂತ ಖುಷಿಯಾಗಿ ಸ್ಕ್ರೀನ್ ಶೇರ್ ಮಾಡಿ ಶುರು ಹಚ್ಚಿಕೊಂಡೆ. ಆ ಕಡೆ ಮೌನ. ಅವರು ಹೇಳಿದ್ದು ‘ಸದ್ಯಕ್ಕೆ ಇದನ್ನ ಪಕ್ಕಕ್ಕಿಡೋಣ’ ಅಂತ!

ಬ್ರಿಟಿಷ್ ಇಂಗ್ಲಿಷಿನಲ್ಲಿ, ಅದರ ಜಾಡಿನಲ್ಲಿರೋ ನಮ್ಮ ಇಂಗ್ಲಿಷಿನಲ್ಲೂ, ಟೇಬಲ್ ಅಂದ್ರೆ ಮಂಡಿಸೋದು. ಅಮೆರಿಕದಲ್ಲಿ ಮುಂದಕ್ಕೆ ಹಾಕೋದು. ಪೆದ್ದನಾದವನು ನಾನೊಬ್ಬನೇ ಅಲ್ಲ. ಎರಡನೇ ಮಹಾಯುದ್ಧದ ಸಮಯದಲ್ಲಿ ಬ್ರಿಟಿಷ್ ಅಧಿಕಾರಿಗಳು ಒಂದು ತುರ್ತು ಟಿಪ್ಪಣಿಯನ್ನು ಟೇಬಲ್ ಮಾಡಬೇಕು ಅಂದರೆ, ಅಮೆರಿಕನ್ನರು ಅದನ್ನ ಡ್ರಾಯರಿಗೆ ಹಾಕಿ ಮರೆಯೋದು ಅಂತ ತಿಳಿದು ದೊಡ್ಡ ಜಗಳವೇ ಆಯ್ತಂತೆ. ಇಬ್ಬರ ಅಭಿಪ್ರಾಯವೂ ಒಂದೇ ಅಂತ ಆಮೇಲೆ ಗೊತ್ತಾಯ್ತು ಅಂತ ಚರ್ಚಿಲ್ ತಮ್ಮ ಯುದ್ಧದ ನೆನಪುಗಳಲ್ಲಿ ಬರೆದಿದ್ದಾರೆ.

ನನಗೆ ಇದಕ್ಕಿಂತ ದುಬಾರಿಯಾಗಿದ್ದು ‘ರಿವರ್ಟ್’. ನಮ್ಮ ಇಮೇಲ್‌ಗಳಲ್ಲಿ ಅದು ‘ಉತ್ತರಿಸಿ’. ಕೋಡ್ ಇಡೋ ಗಿಟ್‌ನಲ್ಲಿ ಮಾಡಿದ್ದನ್ನ ರದ್ದು ಮಾಡೋ ಆಜ್ಞೆ. ಹೊಸದಾಗಿ ಸೇರಿದ್ದ ಹುಡುಗನಿಗೆ ‘ಪೇಮೆಂಟ್ ಫಿಕ್ಸ್ ಬಗ್ಗೆ ಸಂಜೆಯೊಳಗೆ ರಿವರ್ಟ್ ಮಾಡು’ ಅಂತ ಇಂಗ್ಲಿಷಿನಲ್ಲಿ ಮೇಲ್ ಹಾಕಿದೆ. ಪಾಪ, ಸರಿಯಾಗಿದ್ದ ಕೋಡನ್ನೇ ತೆಗೆದುಬಿಟ್ಟ. ಮರುದಿನ ಮೀಟಿಂಗಲ್ಲಿ ಅವನಿಗೆ ಬೈಗುಳ. ‘ಮೇಲ್ ಬರೆದದ್ದು ನಾನು’ ಅಂತ ಬಾಯಿ ಬಿಡೋಕೆ ನನಗೆ ಪೂರ್ತಿ ಹತ್ತು ನಿಮಿಷ ಬೇಕಾಯ್ತು. ಆ ಹತ್ತು ನಿಮಿಷ ಅವನು ತಲೆ ಎತ್ತಲಿಲ್ಲ.

ಅಂದಿನಿಂದ ಪದವನ್ನಲ್ಲ, ಅದರ ಅಕ್ಕಪಕ್ಕ ನೋಡ್ತೀನಿ. ‘ಓವರ್‌ಸೈಟ್’ ತಗೊಳ್ಳಿ. ‘ಅಂಡರ್ ದಿ ಓವರ್‌ಸೈಟ್ ಆಫ್’ ಅಂದ್ರೆ ಮೇಲ್ವಿಚಾರಣೆಯಲ್ಲಿ. ‘ಡ್ಯೂ ಟು ಆ್ಯನ್ ಓವರ್‌ಸೈಟ್’ ಅಂದ್ರೆ ಕಣ್ತಪ್ಪಿನಿಂದ. ಬ್ಯಾಂಕ್ ಲೋನ್ ಸ್ಯಾಂಕ್ಷನ್ ಮಾಡಿದ್ರೆ ಸಿಹಿ ಹಂಚ್ತೀವಿ, ಒಂದು ದೇಶದ ಮೇಲೆ ಸ್ಯಾಂಕ್ಷನ್ ಬಿದ್ರೆ ಅದು ನಿರ್ಬಂಧ. ಅಕ್ಕಪಕ್ಕ ನೋಡಿದರೂ ಗೊತ್ತಾಗದಿದ್ರೆ ‘ಅಂದ್ರೆ ಈಗ ಮಾತಾಡೋಣವಾ, ಆಮೇಲಾ?’ ಅಂತ ನೇರ ಕೇಳಿಬಿಡ್ತೀನಿ. ಮೇಲ್‌ನಲ್ಲಿ ಮಾತ್ರ ಈಗ ‘ರಿಪ್ಲೈ’ ಅಂತಲೇ ಬರೆಯೋದು.

ಹಾಗಂತ ನಮ್ಮ ಕನ್ನಡವೇನು ಕಮ್ಮಿಯಾ? ಮೊನ್ನೆ ಆಫೀಸಿಂದ ಹೊರಡ್ತಾ ‘ಬರ್ತೀನಿ’ ಅಂದೆ. ಕನ್ನಡ ಕಲೀತಿರೋ ಲಖನೌ ಗೆಳೆಯ ಎರಡು ಕಾಫಿ ತಂದಿಟ್ಟುಕೊಂಡು ಅರ್ಧ ಗಂಟೆ ಕಾದನಂತೆ.