ಉಪಾಹಾರಗೃಹವನ್ನು ನಡೆಯಿಸುವ ವಿದ್ಯೆ

ಅನ್ನದಾನವನ್ನು ಮಹಾದಾನವೆಂದು ಕೊಂಡಾಡಿದ ನಮ್ಮ ಹಿರಿಯರು ಅನ್ನವಿಕ್ರಯವನ್ನು ಮಾತ್ರ ಕೀಳುವೃತ್ತಿಯೆಂದೆಣಿಸಿದ್ದರು. ಆ ಭಾವನೆಯು ಇಂದಿಗೂ ಪೂರ್ಣವಾಗಿ ಅಳಿದಿಲ್ಲ. ಪರೀಕ್ಷೆಯಲ್ಲಿ ಹಿಂದೆ ಬಿದ್ದ ಹುಡುಗನನ್ನು “ಹೋಟೆಲಿಗೆ ಸೇರು” ಎಂದು ಗದರಿಸುವ ತಂದೆತಾಯಂದಿರು ಈಗಲೂ ಉಂಟು. ಆದರೆ ಸಸ್ಯಾಹಾರದ ಉಪಾಹಾರಗೃಹವೊಂದನ್ನು ಬಹುಕಾಲ ನಿಲ್ಲುವಂತೆ ನಡೆಯಿಸಲು ಗಣಿತ, ಆರೋಗ್ಯಶಾಸ್ತ್ರ, ಸಸ್ಯಶಾಸ್ತ್ರ ಮೂರೂ ಬೇಕು. ಅದು ಹೇಗೆಂಬುದನ್ನು ನೋಡೋಣ.

ಮೊದಲನೆಯದು ಲೆಕ್ಕ. ಒಂದು ವಡೆಗೆ ಎಲ್ಲ ಖರ್ಚೂ ಸೇರಿ 18 ರೂಪಾಯಿ ತಗಲುವುದೆಂದೂ ಮಾರುವ ಬೆಲೆ 20 ರೂಪಾಯಿಯೆಂದೂ ಇಟ್ಟುಕೊಳ್ಳೋಣ. 200 ವಡೆ ಕರಿದರೆ ಖರ್ಚು 3600 ರೂಪಾಯಿ. ಎಲ್ಲವೂ ಮಾರಾಟವಾದರೆ ಲಾಭ 400 ರೂಪಾಯಿ. ಸಾಯಂಕಾಲಕ್ಕೆ 20 ವಡೆ ಉಳಿದುವೆನ್ನಿ. ಕೈಗೆ ಬರುವುದು 3600 ರೂಪಾಯಿ ಮಾತ್ರ, ಲಾಭ ಸೊನ್ನೆ! ಹತ್ತರಲ್ಲೊಂದು ಹಾಳಾದರೆ ಇಡೀ ದಿನದ ದುಡಿಮೆಯೇ ಹಾಳು. ಆದುದರಿಂದ ನಾಳೆ ಎಷ್ಟು ಅಕ್ಕಿ ನೆನೆಹಾಕಬೇಕೆಂದು ಇಂದೇ ಅಂದಾಜು ಮಾಡಬಲ್ಲವನೇ ನಿಜವಾದ ಯಜಮಾನ.

ಎರಡನೆಯದು ಶುಚಿತ್ವ ಮತ್ತು ಸಮಯೋಚಿತ ಬುದ್ಧಿ. ಇದಕ್ಕೆ ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್ ಒಳ್ಳೆಯ ನಿದರ್ಶನ. ಉಡುಪಿ ಸೀಮೆಯ ಪಾರಂಪಳ್ಳಿಯಿಂದ ಹೋದ ಮಯ್ಯ ಸಹೋದರರು 1924ರಲ್ಲಿ ಅದನ್ನು ಸ್ಥಾಪಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ದುರ್ಲಭವಾದಾಗ ರವೆಯಿಂದ ಇಡ್ಲಿ ಮಾಡುವ ಪ್ರಯೋಗ ನಡೆದು, ರವೆ ಇಡ್ಲಿಯು ಅಲ್ಲಿಯೇ ಹುಟ್ಟಿತೆಂದು ಪ್ರತೀತಿ. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ ಅಲ್ಲಿಯ ಭೋಜನಗೃಹಗಳನ್ನು ಕಂಡು ಬಂದು, ಪಾತ್ರೆಗಳನ್ನು ಬಿಸಿಯಿಂದ ಶುದ್ಧಗೊಳಿಸುವಂತಹ ಕ್ರಮಗಳನ್ನು ತಂದರು. 1975ರಲ್ಲಿ ಘೋಷಿತವಾದ ತುರ್ತು ಪರಿಸ್ಥಿತಿಯ ಕಾಲದಲ್ಲಿ ಸರಕಾರವು ತಿಂಡಿಗಳ ಬೆಲೆಯನ್ನು ಬಹಳ ಕೆಳಗಿಳಿಸಿದಾಗ, ಗುಣವನ್ನು ಕುಂದಿಸಲೊಲ್ಲದೆ ಆ ಸಂಸ್ಥೆಯವರು ಕೆಲಕಾಲ ಬಾಗಿಲು ಮುಚ್ಚಿದರು. ಸಿದ್ಧ ಹಿಟ್ಟು, ಪುಡಿಗಳ ವ್ಯಾಪಾರದಿಂದ ನೌಕರರ ಜೀವನಕ್ಕೆ ದಾರಿಮಾಡಿದರು. ಕಷ್ಟ ಬಂದಾಗ ರುಚಿಯನ್ನು ಕೆಡಿಸದೆ ದಾರಿಯನ್ನು ಬದಲಿಸಿದುದೇ ಅವರ ಹಿರಿಮೆ.

ಮೂರನೆಯದು ಭೂಮಿಯ ಋಣ. ಉದ್ದು, ಹೆಸರು, ತೊಗರಿ ಮೊದಲಾದ ದ್ವಿದಳ ಸಸ್ಯಗಳ ಬೇರಿನ ಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಾಣುಗಳು ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಒದಗಿಸುತ್ತವೆ. ಅಂದಮೇಲೆ ಇಡ್ಲಿ, ಸಾಂಬಾರು, ಕೋಸಂಬರಿಗಳಲ್ಲಿನ ಬೇಳೆಕಾಳುಗಳು ಮಣ್ಣಿಗೆ ಹೆಚ್ಚು ಹೊರೆಯಾಗದ ಆಹಾರಗಳು. ದನಗಳನ್ನು ಸಾಕಿ ಪಡೆಯುವ ಹಾಲುತುಪ್ಪಗಳಿಗಿಂತ ಬೇಳೆಕಾಳಿಗೆ ಬೇಕಾಗುವ ನೆಲ ಕಡಿಮೆ. ಆಯಾ ಋತುವಿನಲ್ಲಿ ನೆರೆಯೂರಿನಲ್ಲಿ ಬೆಳೆದ ಬಸಳೆ, ತೊಂಡೆ, ಸುವರ್ಣಗೆಡ್ಡೆಗಳನ್ನೇ ಕೊಂಡರೆ ಸಾಗಾಟದ ಖರ್ಚು ತಗ್ಗುವುದು, ರೈತನ ಮನೆಯೂ ಬೆಳಗುವುದು. ಹೀರೆಕಾಯಿಯ ಸಿಪ್ಪೆಯಿಂದ ಚಟ್ನಿ, ಹಲಸಿನ ಬೀಜದಿಂದ ಸಾರು ಮಾಡುವ ನಮ್ಮ ಅಜ್ಜಿಯಂದಿರು ಈ ಪಾಠವನ್ನು ಯಾವ ಪುಸ್ತಕದಿಂದಲೂ ಕಲಿತವರಲ್ಲ. ಉಂಡ ಬಾಳೆಯೆಲೆಯೂ ತರಕಾರಿಯ ಕಸವೂ ಗೊಬ್ಬರವಾಗಿ ಮರಳಿ ತೋಟಕ್ಕೆ ಸೇರಿದರೆ ಚಕ್ರವು ಪೂರ್ತಿಯಾಯಿತು.

ಪಾಲಕರಲ್ಲಿ ನಮ್ಮದೊಂದು ವಿನಂತಿ. ಹಿಂದೆ ನಮ್ಮ ಕರಾವಳಿಯ ಅದೆಷ್ಟೋ ಬಾಲಕರು ಓದನ್ನು ಅರ್ಧಕ್ಕೆ ಬಿಟ್ಟು ಮುಂಬಯಿಯ ಹೋಟೆಲುಗಳಿಗೆ ಹೋದರು. ಹಗಲೆಲ್ಲ ಲೋಟ ತೊಳೆದು, ಇರುಳು ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತು ಮೇಲೆ ಬಂದವರು ಧನ್ಯರೇ. ಆದರೆ ಆ ಕಷ್ಟವು ನಮ್ಮ ಮಕ್ಕಳಿಗೆ ಬೇಡ. 14 ವರ್ಷದೊಳಗಿನವರನ್ನು ದುಡಿಮೆಗಿಡುವುದನ್ನು ಕಾಯಿದೆಯೂ ನಿಷೇಧಿಸಿದೆ. ಶಾಲೆಯನ್ನು ಮೊದಲು ಮುಗಿಸಲಿ. ಆಮೇಲೆ ಈ ವೃತ್ತಿಯನ್ನು ಬಯಸಿದರೆ ತಡೆಯದಿರಿ.

ವಿದ್ಯಾರ್ಥಿಗಳೇ, ಲಾಭನಷ್ಟದ ಲೆಕ್ಕವನ್ನೂ ಬೇರಿನ ಗಂಟಿನ ಪಾಠವನ್ನೂ ಬೇಸರಪಡದೆ ಕಲಿಯಿರಿ. ಹತ್ತು ಜನರಿಗೆ ಶುಚಿಯಾದ ಊಟವನ್ನು ನ್ಯಾಯವಾದ ಬೆಲೆಗೆ ನೀಡಿ, ನೆಲಜಲಗಳನ್ನು ಕೆಡಿಸದೆ ಬಾಳುವವನು ಯಾವ ಅಧಿಕಾರಿಗೂ ಕಡಿಮೆಯವನಲ್ಲ.