ಬೂದುಬಣ್ಣದ ಕೋಳಿಯೂ ಅದರ ಲೆಕ್ಕವೂ

ನಮ್ಮ ಕಾಫಿ ಕಣದಲ್ಲಿ ಬೂದುಬಣ್ಣದ ಒಂದು ಹುಂಜ, ಅದೇ ಬಣ್ಣದ ಎರಡು ಹೇಂಟೆಗಳಿದ್ದವು. ಮನೆಗೆ ಬಂದವರೆಲ್ಲ ಮೊಟ್ಟೆ ಕೇಳುತ್ತಿದ್ದರು. ಬಣ್ಣ ಕೆಡಬಾರದೆಂದು ಬೇರೆ ಹುಂಜಗಳನ್ನು ದೂರವಿಟ್ಟು ಮೊಟ್ಟೆಗಳನ್ನು ಕಾವಿಗಿಟ್ಟೆ. ಹೊರಬಂದ ಮರಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಮಾತ್ರ ಬೂದು. ಉಳಿದವುಗಳಲ್ಲಿ ಕೆಲವು ಕಪ್ಪು, ಕೆಲವು ಬೆಳೆದ ಮೇಲೆ ಬಿಳಿ ಗರಿಗೆ ಮಸಿ ಚೆಲ್ಲಿದಂತೆ ಚುಕ್ಕಿ ಚುಕ್ಕಿ. ಬೆರಕೆಯೆಂದು ಇವನ್ನೆಲ್ಲ ಸಾರಿಗೆ ಹಾಕಿ ಬೂದನ್ನಷ್ಟೇ ಉಳಿಸಿದೆ. ಮರುವರ್ಷವೂ ಅದೇ ಕತೆ, ಮೂರನೆಯ ವರ್ಷವೂ ಅದೇ.

ಇಂಗ್ಲೆಂಡಿನಲ್ಲಿ ಪ್ರದರ್ಶನಕ್ಕೆಂದು ಕೋಳಿ ಸಾಕುವವರನ್ನೂ ಈ ಸಮಸ್ಯೆ ಬಹುಕಾಲ ಕಾಡಿತ್ತೆಂದು ತಿಳಿದಾಗ ಸ್ವಲ್ಪ ಸಮಾಧಾನವಾಯಿತು. ಯಾವ ತಳಿಗೆ ಯಾವ ಲಕ್ಷಣವಿರಬೇಕೆಂದು ನಿಗದಿಮಾಡುವ ಪುಸ್ತಕ ಅಲ್ಲಿ 1865ರಷ್ಟು ಹಿಂದೆಯೇ ಬಂದಿತ್ತು. ಆಂಡಲೂಸಿಯನ್ ಎಂಬ ತಳಿಗೆ ಬೂದುನೀಲಿ ಮೈ, ಪ್ರತಿ ಗರಿಗೂ ಕಡುಬಣ್ಣದ ಅಂಚು ಇರಬೇಕು. ಬಹುಮಾನ ಪಡೆದ ಜೋಡಿಯ ಮರಿಗಳಲ್ಲೂ ಕಪ್ಪು ಮತ್ತು ಚುಕ್ಕಿ ತಪ್ಪುತ್ತಿರಲಿಲ್ಲ. ರಕ್ತ ಶುದ್ಧವಿಲ್ಲವೆಂದು ಅವರೂ ಅವನ್ನು ತೆಗೆದುಹಾಕುತ್ತಿದ್ದರು.

1900ರಲ್ಲಿ ಮೆಂಡೆಲನ ಅನುವಂಶೀಯ ನಿಯಮಗಳು ಮತ್ತೆ ಬೆಳಕಿಗೆ ಬಂದ ಮೇಲೆ ಕೇಂಬ್ರಿಜ್‌ನ ಬೇಟ್ಸನ್ ಮತ್ತು ಪನ್ನೆಟ್ ಇದರ ಗುಟ್ಟನ್ನು ಬಿಡಿಸಿದರು. ಕಪ್ಪು ಬಣ್ಣವನ್ನು ತಿಳಿಗೊಳಿಸುವ ಒಂದು ಗುಣವಿದೆ. ಅದು ತಂದೆ ಅಥವಾ ತಾಯಿ, ಒಂದೇ ಕಡೆಯಿಂದ ಬಂದರೆ ಮರಿ ಬೂದು, ಎರಡೂ ಕಡೆಯಿಂದ ಬಂದರೆ ಚುಕ್ಕಿ, ಬಾರದಿದ್ದರೆ ಕಪ್ಪು. ಆದ್ದರಿಂದ ಬೂದಿಗೆ ಬೂದನ್ನು ಕೂಡಿಸಿದರೆ ನಾಲ್ಕರಲ್ಲಿ ಒಂದು ಕಪ್ಪು, ಎರಡು ಬೂದು, ಒಂದು ಚುಕ್ಕಿ. ಎಷ್ಟು ತಲೆಮಾರು ಆರಿಸಿದರೂ ಈ ಬೂದು ತಳಿಯಾಗಿ ನಿಲ್ಲದು. ಬೂದಿಗೆ ಕಪ್ಪನ್ನು ಕೂಡಿಸಿದರೆ ಅರ್ಧ ಬೂದು, ಅರ್ಧ ಕಪ್ಪು. ಕಪ್ಪಿಗೆ ಚುಕ್ಕಿಯನ್ನು ಕೂಡಿಸಿದರೆ ಮಾತ್ರ ಎಲ್ಲ ಮರಿಗಳೂ ಬೂದು! ನಾನು ಸಾರಿಗೆ ಹಾಕಿದ್ದೇ ನನಗೆ ಬೇಕಾಗಿದ್ದ ಜೋಡಿ.

ಪುಣ್ಯಕ್ಕೆ ಮಗಳು ಹಟಮಾಡಿ ಉಳಿಸಿಕೊಂಡಿದ್ದ ಒಂದು ಚುಕ್ಕಿ ಹುಂಜವಿತ್ತು. ಹಲಸಿನ ಮರದ ಮೇಲೆ ಮಲಗುತ್ತ ಕೈಗೆ ಸಿಗದೆ ಉಳಿದ ಕಪ್ಪು ಹೇಂಟೆಯೂ ಇತ್ತು. ಎರಡನ್ನೂ ಕೂಡಿಸಿದೆ. ಇಪ್ಪತ್ತೊಂದನೆಯ ದಿನ ಹನ್ನೊಂದು ಮರಿಗಳಾದವು. ಹನ್ನೊಂದೂ ಬೂದು.

ಪ್ರಯೋಗ ಮಾಡುವವರು ಕೆಲವು ವಿಷಯ ಗಮನಿಸಬೇಕು. ಹುಂಜವನ್ನು ಬದಲಿಸಿದ ಕೂಡಲೇ ಮೊಟ್ಟೆ ಕೂಡಿಡಬೇಡಿ. ಹಳೆಯ ಹುಂಜದ ಬೀಜ ಹೇಂಟೆಯ ಮೈಯಲ್ಲಿ ಎರಡು ವಾರಕ್ಕೂ ಮೀರಿ ಉಳಿಯಬಹುದು. ಮೂರು ವಾರವಾದರೂ ಕಾಯಿರಿ. ಒಂದು ಕಾವಿನ ಹತ್ತು ಮರಿಗಳಲ್ಲಿ ಒಂದು-ಎರಡು-ಒಂದರ ಲೆಕ್ಕ ಸರಿಯಾಗಿ ಕೂಡದಿದ್ದರೆ ಗಾಬರಿ ಬೇಡ, ಮರಿಗಳು ಹೆಚ್ಚಿದಂತೆ ಅದು ಕಾಣುತ್ತದೆ. ಲ್ಯಾವೆಂಡರ್ ಎಂಬ ಇನ್ನೊಂದು ಬೂದು ಇದೆ. ಅದರ ದಾರಿಯೇ ಬೇರೆ: ಜೋಡಿ ಎರಡೂ ಲ್ಯಾವೆಂಡರ್ ಆದರೆ ಮರಿಗಳೆಲ್ಲ ಲ್ಯಾವೆಂಡರ್. ಬಣ್ಣದ ಆಸೆಗೆ ಒಡಹುಟ್ಟಿದವುಗಳನ್ನೇ ಮತ್ತೆ ಮತ್ತೆ ಕೂಡಿಸಿದರೆ ಮೊಟ್ಟೆ ಒಡೆಯುವುದು ಕಡಿಮೆಯಾಗಿ ಮರಿ ಸೊರಗುತ್ತವೆ. ಪ್ರದರ್ಶನದವರಿಗೆ ಕಪ್ ಸಿಕ್ಕೀತು, ನಮಗೆ ಮೊಟ್ಟೆಯೇ ಮುಖ್ಯ.

ಬಣ್ಣದಿಂದ ನೇರ ಉಪಯೋಗವೂ ಉಂಟು. ರೋಡ್ ಐಲೆಂಡ್ ರೆಡ್ ಹುಂಜಕ್ಕೆ ಪಟ್ಟೆಯ ಪ್ಲಿಮತ್ ರಾಕ್ ಹೇಂಟೆಯನ್ನು ಕೂಡಿಸಿದರೆ, ಹುಟ್ಟಿದ ದಿನವೇ ನೆತ್ತಿಯಲ್ಲಿ ಬಿಳಿ ಮಚ್ಚೆಯಿರುವುದು ಹುಂಜಮರಿ, ಇಲ್ಲದ್ದು ಹೇಂಟೆಮರಿ. ಜೋಡಿಯನ್ನು ತಿರುಗಿಸಿದರೆ ಈ ಗುರುತು ಸಿಗದು. ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜವನ್ನು ಸಾಕುವವರೂ ನೆನಪಿಡಬೇಕು: ಅದು ಮಿಶ್ರತಳಿ, ಮನೆಯಲ್ಲೇ ಮರಿಮಾಡಿಸಿದರೆ ತಾಯಿಯ ಗುಣ ಹಾಗೆಯೇ ಬರುವ ಭರವಸೆಯಿಲ್ಲ.

ನಮ್ಮ ಚುಕ್ಕಿ ಹುಂಜ ಈಗಲೂ ಕಣದಲ್ಲಿದೆ. ಮೊಟ್ಟೆ ಕೇಳಿ ಬಂದವರಿಗೆ ಮೊದಲು ಅದನ್ನೇ ತೋರಿಸುತ್ತೇನೆ. ಅವರು ಮಾತ್ರ ಬೂದು ಕೋಳಿ ಎಲ್ಲಿದೆಯೆಂದು ಹುಡುಕುತ್ತಾರೆ.