ನೀಲಿ ಹೊಗೆಯ ಗುಟ್ಟು

ಹಳೆಯ ಕಾರು ಎಂಜಿನ್ ಆಯಿಲ್ ಕುಡಿಯತೊಡಗಿದರೆ ‘ಎಂಜಿನ್ ಬಿಚ್ಚಲೇಬೇಕು’ ಎಂಬ ಮಾತು ಗ್ಯಾರೇಜಿನಲ್ಲಿ ಬೇಗ ಬರುತ್ತದೆ. ಸಾವಿರಾರು ರೂಪಾಯಿ ಸುರಿಯುವ ಮುನ್ನ ಹೊಗೆಯನ್ನು ಗಮನಿಸಿ.

ಆಯಿಲ್ ಉರಿದರೆ ಹೊಗೆ ನೀಲಿ. ರಾತ್ರಿಯಿಡೀ ನಿಂತ ಮಾರುತಿ 800 ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೆ ಮಾತ್ರ ನೀಲಿ ಹೊಗೆ ಉಗುಳಿದರೆ, ದೋಷ ಹೆಚ್ಚಾಗಿ ವಾಲ್ವ್ ಸೀಲ್‌ಗಳದು. ವರ್ಷಗಳ ಬಿಸಿಗೆ ರಬ್ಬರು ಗಟ್ಟಿಯಾಗಿ, ಆಯಿಲ್ ಹನಿಹನಿಯಾಗಿ ಸಿಲಿಂಡರಿಗೆ ಇಳಿದಿರುತ್ತದೆ. ಸೀಲ್ ಬದಲಿಸಿದರೆ ಸಾಕು, ಪಿಸ್ಟನ್ ಮುಟ್ಟಬೇಕಿಲ್ಲ.

ಏರು ಹತ್ತುವಾಗ ಹೊಗೆ ಬಂದರೆ ಪಿಸ್ಟನ್ ರಿಂಗ್ ಸವೆದಿರಬಹುದು. ಮೆಕ್ಯಾನಿಕ್ ಸಿಲಿಂಡರಿನ ಒತ್ತಡವನ್ನು ಗೇಜಿನಿಂದ ಅಳೆದು, ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆಯಲಿ. ಒತ್ತಡ ಏರಿದರೆ ರಿಂಗಿನ ಸಂದಿಯನ್ನು ಆಯಿಲ್ ಮುಚ್ಚಿದೆ ಎಂದರ್ಥ. ಸವೆತಕ್ಕೆ ಅದೇ ಕುರುಹು.

ಅಲ್ಲಿಯವರೆಗೆ ವಾರಕ್ಕೊಮ್ಮೆ ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ ಡಿಪ್‌ಸ್ಟಿಕ್ ನೋಡಿ. ಆಯಿಲ್ ಪೂರ್ತಿ ಇಳಿದರೆ ಉಳಿಸಲು ಎಂಜಿನ್ನೇ ಇರುವುದಿಲ್ಲ.